ಕಳೆಹೂವಿನ ಜೆಲ್ಲಿ

ಪರರ ತೋಟದ ಹೂವಿನಿಂದ ದೇವರ ಪೂಜೆ ಮಾಡಿದ ಅನುಭವ ನನಗೆ ಬೇಕಾದಷ್ಟಿದೆ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಬೆಳಗಿನ ಆರು ಗಂಟೆಗೆ ಬೀದಿಗಿಳಿದರೆ ನನ್ನಂಥ ಪಿಂಚಣಿದಾರರು ಇಬ್ಬರಾದರೂ ಎದುರಾಗುತ್ತಾರೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ಕಾಂಪೌಂಡಿನಿಂದ ಹೊರಕ್ಕೆ ಬಾಗಿದ ಕೊಂಬೆ ಸಾರ್ವಜನಿಕರ ಸ್ವತ್ತು ಎಂಬುದು ನಮ್ಮ ಧರ್ಮಶಾಸ್ತ್ರ. ಮನೆಯ ಯಜಮಾನರು ಕಿಟಕಿಯಿಂದ ಕೆಮ್ಮಿದರೆ ನಾವೂ ಒಮ್ಮೆ ಕೆಮ್ಮಿ ಮುಂದೆ ಹೋಗುತ್ತೇವೆ. ಇಷ್ಟೆಲ್ಲ ಅನುಭವವಿದ್ದರೂ, ಕಿತ್ತ ಹೂವನ್ನು ಅಡಿಗೆಮನೆಗೆ ಒಯ್ದು ಜೆಲ್ಲಿ ಮಾಡಿದ್ದು ಮಾತ್ರ ನನ್ನ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅದೂ ಅಮೆರಿಕದಲ್ಲಿ.

2019ರ ಏಪ್ರಿಲ್ ತಿಂಗಳಲ್ಲಿ, ಯುಗಾದಿ ಮುಗಿಸಿಕೊಂಡು, ನಾನು ಮಗಳ ಮನೆಗೆ ಹೋದೆ. ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಾಸ್ಟರ್ ಸೀಮೆ. ನನ್ನ ಹೆಂಡತಿ ತೀರಿಕೊಂಡು ಆಗ ಮೂರು ವರ್ಷ. ‘ಒಬ್ಬರೇ ಯಾಕೆ ಇರುತ್ತೀರಿ, ಬನ್ನಿ ಅಪ್ಪ’ ಎಂದು ಮಗಳು ಮೂರು ವರ್ಷವೂ ಕರೆದಿದ್ದಳು. ಹೋದೆ. ಬೆಳಿಗ್ಗೆ ಎಂಟಕ್ಕೆ ಮಗಳು, ಅಳಿಯ, ಮೊಮ್ಮಗಳು ಮೂವರೂ ಹೊರಟುಹೋದರೆ ಸಂಜೆಯವರೆಗೆ ಆ ಮನೆಯಲ್ಲಿ ಮಾತಾಡುವುದು ನಾನು ಮತ್ತು ಫ್ರಿಜ್ಜು. ನಮ್ಮಿಬ್ಬರಲ್ಲಿ ಫ್ರಿಜ್ಜೇ ಹೆಚ್ಚು ವಾಚಾಳಿ.

ಹೋದ ವಾರದಲ್ಲೇ ಒಂದು ಗುರುವಾರ, ಬೇಲಿಯಾಚೆಯ ಹಳೆಯ ಮನೆಯ ಅಜ್ಜಿ ಮೊಣಕಾಲೂರಿ ಕುಳಿತು ಚೂರಿಯಿಂದ ಹುಲ್ಲಿನ ನಡುವೆ ಏನನ್ನೋ ಅಗೆಯುತ್ತಿದ್ದುದನ್ನು ಕಂಡೆ. ವಯಸ್ಸು ನನಗಿಂತ ನಾಲ್ಕಾರು ವರ್ಷ ಹೆಚ್ಚೇ ಇರಬೇಕು. ಆಕೆಯ ಹಿರಿಯರು ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯಿಂದ ಬಂದು ಆ ಸೀಮೆಯಲ್ಲಿ ನೆಲಸಿದವರು. ಅವರಲ್ಲಿ ಈಸ್ಟರ್ ಹಬ್ಬದ ಹಿಂದಿನ ಗುರುವಾರಕ್ಕೆ ‘ಹಸಿರು ಗುರುವಾರ’ ಎಂದು ಹೆಸರು. ಅಂದು ಏನಾದರೊಂದು ಹಸಿರು ಸೊಪ್ಪು ತಿಂದರೆ ವರ್ಷವಿಡೀ ಆರೋಗ್ಯ ಎಂಬ ನಂಬಿಕೆ. ಹೊಲದ ಬದಿಯಲ್ಲಿ ಚಳಿಗಾಲ ಕಳೆದ ಕೂಡಲೇ ಏಳುವ ಡ್ಯಾಂಡಿಲಯನ್ ಎಂಬ ಕಳೆಯ ಎಳೆಯ ಎಲೆ ಅದಕ್ಕೆ ಶ್ರೇಷ್ಠ. ನಾಲ್ಕು ಎಲೆ ನನಗೂ ಕೊಟ್ಟಳು. ಬಾಯಿಗೆ ಹಾಕಿಕೊಂಡರೆ, ಕಹಿ! ನಾನು ಬೇವು ಬೆಲ್ಲ ತಿಂದು ಆಗ ಹನ್ನೆರಡು ದಿನವಾಗಿತ್ತು. ಎರಡನ್ನೂ ತಿಂದವನಿಗೆ ಆ ವರ್ಷದ ಆರೋಗ್ಯದ ಬಗೆಗೆ ಯೋಚನೆಯೇ ಇರಬಾರದು. ಅವರು ಅದಕ್ಕೆ ಹಂದಿಮಾಂಸ ಹುರಿದ ಬಿಸಿ ಒಗ್ಗರಣೆ ಹಾಕುತ್ತಾರೆಂದು ಕೇಳಿ, ನಾನು ಬರಿಯ ಎಲೆಯನ್ನು ಮನೆಗೆ ತಂದೆ. ಮಗಳು ಹುಳಿಸೊಪ್ಪು ಮಾಡಿದಳು. ಮೊಮ್ಮಗಳು ತಟ್ಟೆಯನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದಳು.

ಹತ್ತು ದಿನ ಕಳೆಯುವುದರೊಳಗೆ ಆ ಕಳೆ ಹೂ ಬಿಟ್ಟಿತು. ಏನೆಂದು ಹೇಳಲಿ! ರಾತ್ರಿ ಹಸಿರಾಗಿದ್ದ ಹಿತ್ತಲು ಬೆಳಿಗ್ಗೆ ಹತ್ತರ ಬಿಸಿಲಿಗೆ ಅರಿಸಿನ ಚೆಲ್ಲಿದಂತೆ ಆಗಿತ್ತು. ಸೇವಂತಿಗೆ, ಚೆಂಡುಹೂಗಳ ವಂಶದ್ದೇ ಅದು. ಒಂದು ಹೂವೆಂದು ನಾವು ಕಾಣುವುದು ನೂರಾರು ಪುಟ್ಟ ಹೂಗಳ ಗೊಂಚಲು. ಎಲೆಯ ಅಂಚು ಗರಗಸದಂತಿರುವುದರಿಂದ ಫ್ರೆಂಚರು ‘ಸಿಂಹದ ಹಲ್ಲು’ ಎಂದು ಕರೆದರು. ಆ ಮಾತೇ ಇಂಗ್ಲಿಷರ ಬಾಯಲ್ಲಿ ಡ್ಯಾಂಡಿಲಯನ್ ಆಯಿತು. ಯುರೋಪಿನಿಂದ ವಲಸೆ ಬಂದವರ ಜತೆಗೆ ಹಡಗು ಹತ್ತಿ ಬಂದ ಗಿಡ. ಬೀಜ ಕಟ್ಟಲು ಅದಕ್ಕೆ ಸಾಮಾನ್ಯವಾಗಿ ದುಂಬಿಯ ಹಂಗೂ ಬೇಡ. ಹೂ ಮಾಗಿ ಬಿಳಿಯ ಬುರುಗಾಗಿ, ಊದಿದರೆ ಹಾರಿಹೋಗುತ್ತದೆ. ನಾವು ಹುಡುಗರಾಗಿದ್ದಾಗ ಅಜ್ಜನ ಗಡ್ಡ ಎಂದು ಬೆನ್ನಟ್ಟಿ ಓಡುತ್ತಿದ್ದ ಎಕ್ಕದ ಬೀಜದ ಹಾಗೆಯೇ.

ಆದರೆ ಅಮೆರಿಕದ ಗೃಹಸ್ಥನಿಗೆ ಇದರ ಮೇಲೆ ಇರುವ ಹಗೆ ಅಷ್ಟಿಷ್ಟಲ್ಲ. ಅವನ ಹುಲ್ಲುಹಾಸು ಬಿಲಿಯರ್ಡ್ಸ್ ಮೇಜಿನಂತೆ ಒಂದೇ ಬಣ್ಣವಾಗಿರಬೇಕು. 1940ರ ದಶಕದಲ್ಲಿ 2,4-ಡಿ ಎಂಬ ಕಳೆನಾಶಕ ಬಂದ ಮೇಲೆ ಆ ಆಸೆ ಕೈಗೂಡಿತು. ಅದು ಅಗಲ ಎಲೆಯ ಗಿಡವನ್ನು ಕೊಂದು ಹುಲ್ಲನ್ನು ಉಳಿಸುತ್ತದೆ. ನನ್ನ ಅಳಿಯನಿಗೂ ಬಡಾವಣೆಯ ಸಂಘದಿಂದ ಒಂದು ವಿನಯಪೂರ್ವಕವಾದ ಕಾಗದ ಬಂದಿತ್ತು. ‘ಶನಿವಾರ ಔಷಧಿ ಹೊಡೆಯುವವರು ಬರುತ್ತಾರೆ ಮಾವ, ಅವತ್ತು ಹಿತ್ತಲಿಗೆ ಇಳಿಯಬೇಡಿ’ ಎಂದ.

ನನಗೆ ಹೊಟ್ಟೆ ಉರಿಯಿತು. ಮೈಸೂರಿನಲ್ಲಿ ಹತ್ತು ದಾಸವಾಳಕ್ಕೆ ಕಳ್ಳನಾಗುವ ನನಗೆ ಇಲ್ಲಿ ಸಾವಿರ ಹೂ ಕಾಲಕೆಳಗೆ. ಚೀಲ ತುಂಬ ಕಿತ್ತು ದೇವರ ಮುಂದೆ ಸುರಿದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅರ್ಧಕ್ಕರ್ಧ ಕಣ್ಣುಮುಚ್ಚಿಕೊಂಡಿದ್ದವು. ಈ ಹೂವಿನ ಸ್ವಭಾವವೇ ಹಾಗೆ. ಮೋಡ ಕವಿದರೆ ಮುದುಡುತ್ತದೆ, ಕಿತ್ತರಂತೂ ಗಂಟೆ ಕಾಯುವುದಿಲ್ಲ. ಮರುದಿನ ಬೇಲಿಯ ಬಳಿ ಅಜ್ಜಿಗೆ ಇದನ್ನು ಹೇಳಿದಾಗ ಆಕೆ ನಕ್ಕು, ‘ದೇವರಿಗೆ ಬೇಡವಾದರೆ ಜೆಲ್ಲಿ ಮಾಡಿ’ ಎಂದಳು.

ಜೆಲ್ಲಿ ಎಂಬ ಮಾತು ಕೇಳಿ ನನ್ನ ಮನಸ್ಸಿನಲ್ಲಿ ಏನೋ ಚುಚ್ಚಿದಂತಾಯಿತು. ಏನೆಂದು ಆಗ ಹಿಂದಿರುಗಿ ನೋಡಲಿಲ್ಲ.

ಶುಕ್ರವಾರ ಮಗಳು ಮನೆಯಿಂದಲೇ ಕೆಲಸ ಮಾಡುವ ದಿನ. ಇಬ್ಬನಿ ಆರಿದ ಮೇಲೆ ಕಿತ್ತು ಮುಗಿಸಿ, ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಹೂವನ್ನು ಹಾಗೇ ಹಾಕುವಂತಿಲ್ಲ; ಹಸಿರು ತೊಟ್ಟು ಸೇರಿದರೆ ಕಹಿ. ಬುಡವನ್ನು ಎರಡು ಬೆರಳಲ್ಲಿ ಹಿಸುಕಿ ಹಿಡಿದು ಹಳದಿಯನ್ನಷ್ಟೇ ಕತ್ತರಿಸಿಕೊಳ್ಳಬೇಕು. ಒಂದು ಹೂವಿಗೆ ಒಂದು ಚಿಟಿಕೆ. ಬೇಕಾದದ್ದು ನಾಲ್ಕು ಕಪ್. ಎಣಿಸುತ್ತ ಹೋಗಿ ಮುನ್ನೂರು ದಾಟಿದ ಮೇಲೆ ಬಿಟ್ಟೆ. ಫ್ರಾನ್ಸಿನ ಪೂರ್ವ ಭಾಗದಲ್ಲಿಯೂ ಇದೇ ಹೂವಿನ ಜೆಲ್ಲಿ ಮಾಡುವುದುಂಟಂತೆ. ಅಲ್ಲಿ 365 ಹೂ ಎಂದು ಲೆಕ್ಕ ಹೇಳುತ್ತಾರಂತೆ, ದಿನಕ್ಕೊಂದರ ಹಾಗೆ. ಹೂವಿನ ಹಾಲು ಬೆರಳಿಗೆ ಅಂಟಿ ಕಂದಾಗಿ, ಎರಡು ದಿನ ಏನು ತಿಕ್ಕಿದರೂ ಹೋಗಲಿಲ್ಲ. ಮೂರು ಗಂಟೆ ಹಿಡಿಯಿತು. ನಾನು ಜೀವಮಾನದಲ್ಲಿ ಒಂದು ಹಿಡಿ ಹುರುಳಿಕಾಯಿ ನಾರು ತೆಗೆದವನಲ್ಲ ಎಂಬುದನ್ನು ಇಲ್ಲಿ ಹೇಳುವುದು ಒಳ್ಳೆಯದು. ಮಗಳು ಕಂಪ್ಯೂಟರಿನಿಂದ ತಲೆಯೆತ್ತಿ ಎರಡು ಮೂರು ಸಲ ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ.

ಎಸಳಿನ ಮೇಲೆ ನಾಲ್ಕು ಕಪ್ ಕುದಿಯುವ ನೀರು ಹೊಯ್ದು ಮುಚ್ಚಿಟ್ಟೆವು. ಬೆಳಿಗ್ಗೆ ಸೋಸಿದಾಗ ಸಿಕ್ಕಿದ್ದು ಸಪ್ಪೆ ಚಹಾದ ಬಣ್ಣದ, ಒದ್ದೆ ಹುಲ್ಲಿನ ವಾಸನೆಯ ನೀರು. ಇದಕ್ಕಾಗಿಯೇ ಮುನ್ನೂರು ಹೂವಿನ ತಲೆ ತೆಗೆದೆನಲ್ಲ ಎಂದು ಪಶ್ಚಾತ್ತಾಪವಾಯಿತು. ನಿಂಬೆರಸ ಬಿದ್ದ ಮೇಲೆ ಸ್ವಲ್ಪ ಕಳೆ ಬಂತು. ಹೂವಿನಲ್ಲಿ ಹೆಪ್ಪುಗಟ್ಟುವ ಗುಣವಿಲ್ಲ. ಅದಕ್ಕೆ ಪೆಕ್ಟಿನ್ ಎಂಬ ಪುಡಿಯನ್ನು ಹೊರಗಿನಿಂದ ಹಾಕಬೇಕು. ಸೇಬಿನ ಹಿಪ್ಪೆಯಿಂದಲೂ ನಿಂಬೆ ಕಿತ್ತಳೆಗಳ ಸಿಪ್ಪೆಯಿಂದಲೂ ತೆಗೆಯುವ ವಸ್ತು ಅದು. 1825ರಲ್ಲಿ ಬ್ರಾಕೊನೊ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಅದಕ್ಕೆ ಹೆಪ್ಪುಗಟ್ಟು ಎಂಬರ್ಥದ ಗ್ರೀಕ್ ಮಾತಿನಿಂದ ಹೆಸರಿಟ್ಟ. ಅಂಗಡಿಯಲ್ಲಿ ಪುಟ್ಟ ಪೆಟ್ಟಿಗೆಯಲ್ಲಿ ಸಿಗುತ್ತದೆ. ಪೆಟ್ಟಿಗೆಯೊಳಗಿನ ಕಾಗದವನ್ನು ಮೊಮ್ಮಗಳು ಓದಿದಳು: ಸಕ್ಕರೆ, ನಾಲ್ಕೂವರೆ ಕಪ್.

‘ಎಷ್ಟು?’ ಎಂದೆ.

ನಾಲ್ಕೂವರೆ. ಎಂದರೆ ಹೆಚ್ಚುಕಡಿಮೆ 900 ಗ್ರಾಂ. ಮೂರು ಕಪ್ ನೀರಿಗೆ! ಇದು ಜೆಲ್ಲಿಯಲ್ಲ, ಕೊಲೆ ಎಂದೆ. ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇರುವುದನ್ನು ಎಲ್ಲರಿಗೂ ಜ್ಞಾಪಿಸಿದೆ. ಈ ದೇಶದವರು ಏನನ್ನು ಮಾಡಿದರೂ ಅತಿ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿರಬೇಕು. ‘ಎರಡು ಕಪ್ ಸಾಕು’ ಎಂದು ಅಪ್ಪಣೆ ಕೊಟ್ಟೆ. ಮಗಳು ಚಮಚ ಹಿಡಿದು ನಿಂತವಳು ನನ್ನ ಮುಖವನ್ನೇ ನೋಡಿದಳು. ‘ಎರಡೇ ಸಾಕೆ ಅಪ್ಪ?’ ಎಂದಳು. ‘ಸಾಕು ಅಂದೆನಲ್ಲ.’ ಹಾಕಿದಳು. ಉಕ್ಕಿ ಕುದಿದ ಮೇಲೆ ಒಂದು ನಿಮಿಷ ಎಣಿಸಿ ಸೀಸೆಗಳಿಗೆ ತುಂಬಿದೆವು. ಸೀಸೆಗಳನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಮುಳುಗಿಸಿಟ್ಟು ತೆಗೆದು ಆರಲು ಬಿಟ್ಟೆವು. ಆರುವಾಗ ತಗಡಿನ ಮುಚ್ಚಳ ಒಳಕ್ಕೆ ಎಳೆದುಕೊಂಡು ಟಿಕ್ ಎನ್ನುತ್ತದೆ. ಗಾಳಿಯಾಡದಂತೆ ಕೂತಿತು ಎಂದು ಅರ್ಥ. ಅಷ್ಟರಲ್ಲಿ ಔಷಧಿಯವರು ಬಂದು ಹಿತ್ತಲಿಗೆಲ್ಲ ಸಿಂಪಡಿಸಿ, ಒಂದು ಪುಟ್ಟ ಬಾವುಟ ನೆಟ್ಟು ಹೋದರು.

ಭಾನುವಾರ ಒಂದು ಸೀಸೆಯನ್ನು ಓರೆ ಮಾಡಿದೆ. ಒಳಗಿನದೂ ಓರೆಯಾಯಿತು. ನೆಟ್ಟಗೆ ಮಾಡಿದೆ, ಅದೂ ನೆಟ್ಟಗಾಯಿತು. ಸೋಮವಾರವೂ ಹಾಗೆಯೇ. ಜೆಲ್ಲಿ ಹೆಪ್ಪುಗಟ್ಟಲು ಕೆಲವೊಮ್ಮೆ ಎರಡು ವಾರ ಹಿಡಿಯುವುದುಂಟು ಎಂದು ಮಗಳು ಸಮಾಧಾನ ಹೇಳಿದಳು. ಬುಧವಾರ ನಾನೇ ಒಂದು ಸೀಸೆ ಹಿಡಿದು ಅಜ್ಜಿಯ ಬಾಗಿಲಿಗೆ ಹೋದೆ, ಹೆಣ ಹೊತ್ತು ವೈದ್ಯರ ಮನೆಗೆ ಹೋದಂತೆ. ಆಕೆ ಬೆಳಕಿಗೆ ಹಿಡಿದು ನೋಡಿ, ಬೆರಳದ್ದಿ ನೆಕ್ಕಿ, ‘ಸಕ್ಕರೆ ಕದ್ದಿದ್ದೀರಿ’ ಎಂದಳು.

ಅಡಿಗೆಯಲ್ಲಿ ಇನ್ನೆಲ್ಲಿಯಾದರೂ ಸಕ್ಕರೆ ಕಡಿಮೆ ಮಾಡಬಹುದು, ಇಲ್ಲಿ ಆಗದು ಎಂದು ವಿವರಿಸಿದಳು. ಇಲ್ಲಿ ಅದು ರುಚಿಗೆ ಹಾಕುವ ಪದಾರ್ಥವಲ್ಲ, ಕಟ್ಟಡಕ್ಕೆ ಹಾಕುವ ಗಾರೆ. ಪೆಕ್ಟಿನ್ನಿನ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ, ಒಂದನ್ನೊಂದು ದೂರ ತಳ್ಳಿಕೊಂಡು ಇರುತ್ತವೆ. ನಿಂಬೆಯ ಹುಳಿ ಆ ಜಗಳವನ್ನು ಶಮನ ಮಾಡುತ್ತದೆ. ಸಕ್ಕರೆ ನೀರನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಆಗ ಬೇರೆ ದಾರಿಯಿಲ್ಲದೆ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಬಲೆಯಾಗುತ್ತವೆ. ಸಿದ್ಧವಾದ ಜೆಲ್ಲಿಯಲ್ಲಿ ಅರ್ಧಕ್ಕೂ ಮಿಕ್ಕಿ ಸಕ್ಕರೆಯೇ ಇದ್ದರೆ ಮಾತ್ರ ಇದು ಸಾಧ್ಯ. ಸಕ್ಕರೆ ಕಡಿಮೆ ಬೇಕೆನ್ನುವವರಿಗೆ ಬೇರೆ ಜಾತಿಯ ಪೆಕ್ಟಿನ್ನೇ ಇದೆಯಂತೆ. ನಾವು ತಂದದ್ದು ಅದಲ್ಲ. ‘ಇದನ್ನು ಓದಲಿಲ್ಲವೆ?’ ಎಂದು ಅಜ್ಜಿ ಪೆಟ್ಟಿಗೆಯ ಕಾಗದದಲ್ಲಿ ದಪ್ಪಕ್ಷರದಲ್ಲಿದ್ದುದನ್ನು ತೋರಿಸಿದಳು. ಸಕ್ಕರೆಯ ಅಳತೆಯನ್ನು ಬದಲಾಯಿಸಬೇಡಿ, ಬದಲಾಯಿಸಿದರೆ ಹೆಪ್ಪುಗಟ್ಟುವುದಿಲ್ಲ.

ಅಲ್ಲಿಂದ ಮನೆಗೆ ಐವತ್ತು ಹೆಜ್ಜೆ ಇರಬಹುದು. ಆ ಐವತ್ತು ಹೆಜ್ಜೆಯಲ್ಲಿ ನನಗೆ 1980ನೆಯ ಇಸವಿ ನೆನಪಾಯಿತು.

ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಸೀಬೆಮರವಿತ್ತು. ಚೆಲುವಾಂಬಾ ವಿಲಾಸದ ಅರಮನೆಯಲ್ಲಿರುವ ಆಹಾರ ಸಂಶೋಧನಾಲಯದಲ್ಲಿ ಕೆಲಸದಲ್ಲಿದ್ದವರೊಬ್ಬರ ಸಂಸಾರ ಆಗ ನಮ್ಮ ಎದುರುಮನೆಯಲ್ಲಿತ್ತು. ಆ ಮನೆಯಾಕೆಯಿಂದ ನನ್ನ ಹೆಂಡತಿ ಸೀಬೆಹಣ್ಣಿನ ಜೆಲ್ಲಿ ಕಲಿತಳು. ಹಣ್ಣಿನ ಜತೆಗೆ ಒಂದಷ್ಟು ದೋರೆಗಾಯಿ ಸೇರಿಸಿ ಬೇಯಿಸುವಳು. ರಾತ್ರಿ ಮಲ್ಲು ಬಟ್ಟೆಯಲ್ಲಿ ಕಟ್ಟಿ ಬಚ್ಚಲುಮನೆಯ ಗೂಟಕ್ಕೆ ನೇತುಹಾಕುವಳು. ಹಿಂಡಬಾರದು, ಹಿಂಡಿದರೆ ರಸ ಕದಡುತ್ತದೆ. ಮಕ್ಕಳು ಹಿಂಡದಂತೆ ಕಾವಲಿರುವಳು. ಎರಡು ಮೂರು ವರ್ಷ ಸೊಗಸಾಗಿ ಬಂತು. ಮಾಣಿಕ್ಯದ ಬಣ್ಣ. ನಾನು ತಿಂದೆ; ಚೆನ್ನಾಗಿದೆ ಎಂದು ಹೇಳಿದ ನೆನಪಿಲ್ಲ.

1980ರಲ್ಲಿ ಸಕ್ಕರೆ ಬೆಂಕಿಯಾಗಿತ್ತು. ರೇಷನ್ ಸಕ್ಕರೆ ಕಾಫಿಗೇ ಸಾಲದು, ಅಂಗಡಿಯದು ಮುಟ್ಟುವ ಹಾಗಿಲ್ಲ. ಮನೆಯ ಲೆಕ್ಕ ಬರೆಯುವವನು ನಾನು. ಕಚೇರಿಯ ಮೇಲಧಿಕಾರಿಗಳು ಸಂಸಾರ ಸಮೇತ ತಿಂಡಿಗೆ ಬರುವವರಿದ್ದರು. ‘ಜೆಲ್ಲಿ ಮಾಡು, ಆದರೆ ಸಕ್ಕರೆ ಅರ್ಧ ಸಾಕು’ ಎಂದು ನಾನೇ ಅಳೆದು ಕೊಟ್ಟೆ. ಅವಳು ಏನೋ ಹೇಳಲು ಹೊರಟಳು. ‘ಸಾಕು ಅಂದೆನಲ್ಲ’ ಎಂದೆ. ಇದೇ ಮಾತು. ಮೂವತ್ತೊಂಬತ್ತು ವರ್ಷದಲ್ಲಿ ಒಂದಕ್ಷರವೂ ಸವೆದಿರಲಿಲ್ಲ.

ಜೆಲ್ಲಿ ಕಟ್ಟಲಿಲ್ಲ. ಅವಳು ಅದನ್ನು ಹೊರಗೆ ತರುವುದೇ ಬೇಡವೆಂದಳು, ನಾನು ತರಿಸಿದೆ. ಗಾಜಿನ ಬಟ್ಟಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ ಅದನ್ನು ನೋಡಿ, ಅತಿಥಿಗಳ ಎದುರಿಗೆ, ‘ಇದಕ್ಕೆ ಚಮಚ ಕೊಡುತ್ತೀಯೋ ಲೋಟ ಕೊಡುತ್ತೀಯೋ?’ ಎಂದೆ. ಎಲ್ಲರೂ ನಕ್ಕರು. ನನ್ನ ಹಾಸ್ಯಪ್ರಜ್ಞೆಗೆ ಕಚೇರಿಯಲ್ಲಿ ಹೆಸರಿತ್ತು. ಅವಳೂ ನಕ್ಕು, ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಮುಂದಿನ ವರ್ಷ ಸೀಬೆಹಣ್ಣು ಬೀದಿಯ ಮಕ್ಕಳಿಗೆ ಹೋಯಿತು. ಅದರ ಮುಂದಿನ ವರ್ಷವೂ. ಮಲ್ಲು ಬಟ್ಟೆ ಮೊಸರು ಕಟ್ಟಲು ಬಳಕೆಯಾಯಿತು. ಜೆಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಕೇಳಬೇಕೆಂದು ತೋರಲೂ ಇಲ್ಲ. ಕೋಣೆ ಕಟ್ಟಿಸುವಾಗ ಮರವನ್ನೇ ಕಡಿಸಿದೆವು.

ಅಂದು ಸಂಜೆ ಮಗಳು ಬಂದ ಮೇಲೆ ಅಜ್ಜಿ ಹೇಳಿದ್ದನ್ನು ಹೇಳಿದೆ. ‘ಸೀಬೆಹಣ್ಣಿನದೂ ಹಾಗೆಯೇ ಆಗಿರಬೇಕು’ ಎಂದೆ, ಈಗ ತಾನೇ ಕಂಡುಹಿಡಿದವನಂತೆ. ಅವಳಿಗೆ ಆಗ ಏಳು ವರ್ಷ. ಜ್ಞಾಪಕವಿರಲಾರದು ಎಂದುಕೊಂಡಿದ್ದೆ.

‘ಅಮ್ಮನಿಗೆ ಗೊತ್ತಿತ್ತು ಅಪ್ಪ. ಅವತ್ತು ಅಡಿಗೆಮನೆಯಲ್ಲಿ ನನಗೆ ಹೇಳಿದಳು, ಸಕ್ಕರೆ ಸಾಲದೆ ಹೀಗಾಯಿತು ಅಂತ.’

‘ನನಗೆ ಯಾಕೆ ಹೇಳಲಿಲ್ಲ?’

‘ನೀವು ಲೋಟ ಬೇಕೋ ಅಂತ ಕೇಳಿದಿರಿ. ಯಾಕೆ ಹೀಗಾಯಿತು ಅಂತ ಕೇಳಲಿಲ್ಲವಲ್ಲ’ ಎಂದಳು. ಸಿಟ್ಟಿನಿಂದಲ್ಲ. ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡು.

‘ಮತ್ತೆ ಶನಿವಾರ ನೀನಾದರೂ ಹೇಳಬಹುದಾಗಿತ್ತು, ಎರಡು ಕಪ್ ಸಾಲದು ಅಂತ.’

‘ಎರಡೇ ಸಾಕೆ ಅಂತ ಕೇಳಿದೆನಲ್ಲ’ ಎಂದಳು.

ನಾನು ಹೊರಗೆ ಬಂದು ಹಿತ್ತಲ ಮೆಟ್ಟಿಲ ಮೇಲೆ ಕುಳಿತೆ. ಔಷಧಿ ಬಿದ್ದ ಗಿಡಗಳು ಸಾಯುವ ಮುನ್ನ ದಂಟನ್ನು ಹಾವಿನ ಹಾಗೆ ತಿರುಚಿಕೊಂಡಿದ್ದವು. ಆ ಔಷಧಿಯ ಕೆಲಸವೇ ಅದು. ಗಿಡ ಲಂಗುಲಗಾಮಿಲ್ಲದೆ ಬೆಳೆಯುವಂತೆ ಮಾಡಿ ಕೊಲ್ಲುತ್ತದೆ. ಬೇಲಿಯ ಆಚೆಗೆ ಮಾತ್ರ ಹಳದಿ ಹಾಗೆಯೇ ಇತ್ತು.

ಮುಂದಿನ ಶುಕ್ರವಾರ ಅಜ್ಜಿಯ ಅಪ್ಪಣೆ ಪಡೆದು, ಮುಂಬಾಗಿಲಿನಿಂದಲೇ ಹೋಗಿ, ಆಕೆಯ ಹಿತ್ತಲಲ್ಲಿ ಹೂ ಕಿತ್ತೆ. ಮೈಸೂರಿನ ಸ್ನೇಹಿತರು ನೋಡಿದ್ದರೆ ನಂಬುತ್ತಿರಲಿಲ್ಲ. ನಾಯಿ ಓಡಾಡುವ ಕಡೆ ಬೇಡ, ರಸ್ತೆಯ ಅಂಚಿನದು ಬೇಡ ಎಂದು ಆಕೆ ಕುರ್ಚಿಯಲ್ಲಿ ಕುಳಿತು ನಿರ್ದೇಶಿಸಿದಳು. ಎಸಳು ಬಿಡಿಸಲು ಈ ಸಲ ಮಗಳೂ ಪಕ್ಕದಲ್ಲಿ ಕುಳಿತಳು. ಅವಳಿಗೆ ನನ್ನ ಎರಡರಷ್ಟು ವೇಗ. ಮಾತು ಹೆಚ್ಚು ಆಡಲಿಲ್ಲ. ನಡುವೆ ಒಮ್ಮೆ, ಬಟ್ಟೆ ಹಿಂಡಿದ್ದಕ್ಕೆ ಅಮ್ಮನಿಂದ ಒಮ್ಮೆ ಏಟು ತಿಂದದ್ದನ್ನು ಹೇಳಿದಳು. ಅದು ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ನಾನೂ ಇದ್ದೆ ಎಂಬುದು ವಿಚಿತ್ರವಾಗಿ ತೋರಿತು.

ಮೊದಲ ಬಾರಿಯ ಸೀಸೆಗಳು ವ್ಯರ್ಥವಾಗಲಿಲ್ಲ. ಶೈತ್ಯಪೆಟ್ಟಿಗೆಗೆ ಹೋಗಿ, ಬೆಳಗಿನ ದೋಸೆಗೆ ಜೇನಿನ ಬದಲು ನಡೆದವು. ಬಾಯಲ್ಲಿ ಇಟ್ಟುಕೊಂಡರೆ ಜೇನೇ ಸರಿ, ಕೊನೆಗೆ ಸ್ವಲ್ಪ ಹೂವಿನ ಒಗರು. ಮೊಮ್ಮಗಳು ಅದಕ್ಕೆ ‘ತಾತನ ತಪ್ಪು’ ಎಂದು ಹೆಸರಿಟ್ಟು ಸೀಸೆಯ ಮೇಲೆ ಚೀಟಿ ಅಂಟಿಸಿದಳು. ಅವಳಿಗೆ ಕನ್ನಡ ಬರೆಯಲು ಬರುವುದು ಅಷ್ಟಕ್ಕಷ್ಟೆ. ಒತ್ತಕ್ಷರವನ್ನು ನಾನೇ ತಿದ್ದಿಕೊಟ್ಟೆ.

ಎರಡನೆಯ ಸಲ ಸಕ್ಕರೆ ಅಳೆದವನೂ ನಾನೇ. ಕಪ್ಪಿನ ಅಂಚಿಗೆ ಚೂರಿಯ ಬೆನ್ನು ಎಳೆದು ಸಮ ಮಾಡಿ, ಮೊಮ್ಮಗಳ ಎದುರಿಗೆ ಗಟ್ಟಿಯಾಗಿ ಎಣಿಸಿ, ನಾಲ್ಕೂವರೆ ಹಾಕಿದೆ. ಸೌಟಿನಿಂದ ತಿರುವಿದರೂ ಕುದಿ ಅಡಗದಂತೆ ಉಕ್ಕಿ ಬಂದಾಗ ಗಡಿಯಾರ ನೋಡಿ ಒಂದು ನಿಮಿಷ. ನೊರೆ ತೆಗೆದು ತುಂಬಿದೆವು. ರಾತ್ರಿ ಊಟಕ್ಕೆ ಕುಳಿತಾಗ ಅಡಿಗೆಮನೆಯಿಂದ ಒಂದೊಂದಾಗಿ ಟಿಕ್, ಟಿಕ್ ಎಂದು ಕೇಳಿಸಿತು. ಆರು ಸೀಸೆ. ಆರನ್ನೂ ಎಣಿಸಿಕೊಂಡೇ ನಾನು ಕೈ ತೊಳೆದದ್ದು.

ಬೆಳಿಗ್ಗೆ ನಾನು ಏಳುವ ಮೊದಲೇ ಮಗಳು ಒಂದು ಸೀಸೆಯನ್ನು ತೆರೆದು ಗಾಜಿನ ಬಟ್ಟಲಿಗೆ ಬೋರಲು ಹಾಕಿದ್ದಳು. ಅದು ಸೀಸೆಯ ಆಕಾರದಲ್ಲಿಯೇ ಕುಳಿತಿತ್ತು. ಮೇಜು ಅಲ್ಲಾಡಿದಾಗ ತುಸು ನಡುಗಿತು, ಹರಿಯಲಿಲ್ಲ. ಕಿಟಕಿಯ ಬಿಸಿಲು ಅದರೊಳಗೆ ಹೊಕ್ಕು ಬಟ್ಟಲಿನ ಕೆಳಗೆ ಹಳದಿಯಾಗಿ ಬಿದ್ದಿತ್ತು. ಮಗಳು ಚಮಚದಲ್ಲಿ ಒಂದು ತುಂಡು ಕತ್ತರಿಸಿ ಬಾಯಿಗೆ ಹಾಕಿಕೊಂಡಳು.

‘ಚೆನ್ನಾಗಿದೆ’ ಎಂದಳು. ಆಮೇಲೆ, ‘ಅಮ್ಮನದೂ ಹೀಗೆಯೇ ನಿಲ್ಲುತ್ತಿತ್ತು, ಸಕ್ಕರೆ ಕೊಟ್ಟಾಗ’ ಎಂದು ಹೇಳಿ ಚಮಚವನ್ನು ನನ್ನ ಕೈಗೆ ಕೊಟ್ಟಳು.